ಒಮ್ಮೆ ಮಾತ್ರ ಕೇಳುವವರ ಮುಂದೆ: ಪ್ರಬಂಧ ಮಂಡನೆಯ ಸಿದ್ಧತೆಯ ಬಗ್ಗೆ

ಮುಂಬಯಿಯ ಕನ್ನಡಿಗರಿಗೆ ವಿಚಾರ ಸಂಕಿರಣ, ಗೋಷ್ಠಿ, ಉಪನ್ಯಾಸಗಳು ಹೊಸವಲ್ಲ. ಕಲೀನಾದ ವಿದ್ಯಾನಗರಿಯಲ್ಲಿರುವ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗದಲ್ಲಿ, ಮಾಟುಂಗಾದ ಮೈಸೂರು ಅಸೋಸಿಯೇಶನ್ನಿನಲ್ಲಿ, ಮಾಹಿಮಿನ ಕರ್ನಾಟಕ ಸಂಘದಲ್ಲಿ, ಉಪನಗರಗಳ ಹತ್ತಾರು ಸಂಘಗಳ ಸಭಾಗೃಹಗಳಲ್ಲಿ ವರ್ಷವಿಡೀ ಒಂದಲ್ಲ ಒಂದು ಪ್ರಬಂಧ ಮಂಡನೆ ನಡೆಯುತ್ತಲೇ ಇರುತ್ತದೆ. ಅಲ್ಲಿಗೆ ಬರುವವರಲ್ಲಿ ಹೆಚ್ಚಿನವರು ವಾರವಿಡೀ ದುಡಿದು, ಸಿಗುವ ಒಂದೇ ರಜೆಯನ್ನೂ ಬಿಟ್ಟುಕೊಟ್ಟು, ಡೊಂಬಿವಲಿಯಿಂದಲೋ ಮೀರಾ ರೋಡಿನಿಂದಲೋ ಲೋಕಲ್ ಹಿಡಿದು ಬಂದವರು. ಅಂಥವರ ಮುಂದೆ ಹದಿನೈದು ನಿಮಿಷ ನಿಂತು ಮಾತನಾಡುವುದು ಎಷ್ಟು ದೊಡ್ಡ ಜವಾಬ್ದಾರಿ ಎಂಬುದು, ಮೊದಲು ಕೇಳುಗನಾಗಿ, ಆಮೇಲೆ ಪ್ರಬಂಧಕಾರನಾಗಿ, ಈಚೆಗೆ ಗೋಷ್ಠಿಯ ಅಧ್ಯಕ್ಷನಾಗಿಯೂ ಕುಳಿತ ಮೇಲೆ ನನಗೆ ಹೆಚ್ಚು ಹೆಚ್ಚು ಮನವರಿಕೆಯಾಗುತ್ತಿದೆ. ವರ್ಷಗಟ್ಟಲೆ ಊರೂರು ಅಲೆದು ಮಾಹಿತಿ ಕಲೆಹಾಕಿದವರ ಮಾತು ಮೂರನೆಯ ಸಾಲನ್ನೂ ಮುಟ್ಟದೆ ಹೋಗುವುದನ್ನು ನೋಡಿದಾಗ ಸಂಕಟವಾಗುತ್ತದೆ. ಅವರ ಅಧ್ಯಯನದಲ್ಲಿ ಕೊರತೆ ಇರುವುದಿಲ್ಲ. ಅದನ್ನು ಕೇಳುವವರಿಗೆ ಒಪ್ಪಿಸುವ ಕೆಲಸಕ್ಕೆ ಪ್ರತ್ಯೇಕ ಸಿದ್ಧತೆ ಬೇಕೆಂಬುದನ್ನು ಅವರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ.

ಓದುವವನಿಗೆ ಇರುವ ಒಂದು ಸೌಲಭ್ಯ ಕೇಳುವವನಿಗೆ ಇಲ್ಲ. ಓದುವವನು ಅರ್ಥವಾಗದ ಕಡೆ ನಿಲ್ಲಬಹುದು, ಹಿಂದಿನ ಪುಟಕ್ಕೆ ಹೋಗಬಹುದು, ಅಡಿಟಿಪ್ಪಣಿ ನೋಡಬಹುದು, ಬೇಸರವಾದರೆ ಮುಚ್ಚಿಟ್ಟು ನಾಳೆ ತೆರೆಯಬಹುದು. ಕೇಳುವವನಿಗೆ ಮಾತು ಒಂದೇ ಸಲ, ಅದೂ ಹೇಳುವವರ ವೇಗದಲ್ಲಿ ಸಿಗುತ್ತದೆ. ನಡುವೆ ಒಂದು ಕೊಂಡಿ ತಪ್ಪಿತೆಂದರೆ ಮುಂದಿನದೆಲ್ಲವೂ ಅವನಿಂದ ದೂರವಾಗುತ್ತದೆ, ಮತ್ತು ಸಭಾ ಮರ್ಯಾದೆಯಿಂದಾಗಿ ಅವನು ಅದನ್ನು ಹೇಳಿಕೊಳ್ಳುವುದೂ ಇಲ್ಲ. ಮಂಡನೆಯ ಸಿದ್ಧತೆಯಲ್ಲಿ ಏನು ಇರಬೇಕು, ಏನು ಇರಬಾರದು ಎಂಬ ಎಲ್ಲ ಪ್ರಶ್ನೆಗಳಿಗೂ ನಾನು ಉತ್ತರ ಹುಡುಕುವುದು ಈ ಒಂದು ಸಂಗತಿಯಿಂದಲೇ.

ನಮ್ಮಲ್ಲಿ ಪ್ರಬಂಧ ಮಂಡನೆ ಎಂದರೆ ಬರೆದು ತಂದ ಪ್ರಬಂಧವನ್ನು ಮೊದಲಿನಿಂದ ಓದುವುದು ಎಂಬ ರೂಢಿ ಬಲವಾಗಿ ಬೇರೂರಿದೆ. ಓದುವುದೇ ತಪ್ಪು ಎಂದು ನಾನು ಹೇಳಲಾರೆ. ಉದ್ಧರಣೆಗಳು, ಶಾಸನಪಾಠ, ವಚನ, ಅಂಕಿಅಂಶ ಇವುಗಳನ್ನು ನೋಡಿ ಓದುವುದೇ ಸರಿ. ಆದರೆ ಅಚ್ಚಿಗಾಗಿ ಬರೆದ ಕನ್ನಡ ಕಿವಿಗೆ ಹೊಂದುವುದು ಕಷ್ಟ. ಕನ್ನಡ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ವಿದ್ವತ್ ಪ್ರಬಂಧದ ವಾಕ್ಯದಲ್ಲಿ ಒಂದರೊಳಗೊಂದು ವಿಶೇಷಣ ವಾಕ್ಯಗಳು ಸೇರಿಕೊಂಡು, ಅಷ್ಟನ್ನೂ ಕೇಳುಗನು ಹಿಡಿದುಕೊಂಡು, ಕೊನೆಗೆ ಬರುವುದು ‘ಹೌದು’ ಎನ್ನುವುದೋ ‘ಅಲ್ಲ’ ಎನ್ನುವುದೋ ಎಂದು ಕಾಯಬೇಕಾಗುತ್ತದೆ. ಕಣ್ಣಿಗೆ ಇದು ಹೊರೆಯಲ್ಲ, ಕಿವಿಗೆ ಹೊರೆ. ಆದ್ದರಿಂದ ಮಂಡನೆಗೆ ಕುಳಿತುಕೊಳ್ಳುವಾಗ ಪ್ರಬಂಧವನ್ನು ಪಕ್ಕಕ್ಕಿಟ್ಟು, ಅದೇ ವಿಷಯವನ್ನು ಆಡುವ ವಾಕ್ಯಗಳಲ್ಲಿ ಬೇರೆಯಾಗಿಯೇ ಬರೆದುಕೊಳ್ಳಬೇಕು. ಮೊದಲು ಹೇಳಬೇಕಾದ್ದನ್ನು ಹೇಳಿಬಿಟ್ಟು, ಆಮೇಲೆ ಅದಕ್ಕೆ ಕಾರಣ ಕೊಡುವುದು ಕಿವಿಗೆ ಹಿತವಾದ ಕ್ರಮ.

ಇನ್ನು ಅಳತೆಯ ಮಾತು. ಇಂಗ್ಲಿಷಿನಲ್ಲಿ ಭಾಷಣ ಮಾಡುವವರು ನಿಮಿಷಕ್ಕೆ 120ರಿಂದ 150 ಪದಗಳೆಂದು ಲೆಕ್ಕ ಹಾಕುತ್ತಾರೆ. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯಗಳೂ ಸಂಧಿಯೂ ಸೇರಿ ಪದಗಳೇ ಉದ್ದವಾಗುವುದರಿಂದ ಆ ಲೆಕ್ಕ ನಮಗೆ ಹೊಂದುವುದಿಲ್ಲ. ನಿಮಿಷಕ್ಕೆ 80ರ ಆಸುಪಾಸಿನಲ್ಲಿದ್ದರೆ ಮಾತು ಸ್ಪಷ್ಟವಾಗಿ ಕೇಳಿಸುತ್ತದೆ, ನಡುವೆ ಉಸಿರಿಗೂ ಜಾಗವಿರುತ್ತದೆ ಎಂಬುದು ನನ್ನ ಅನುಭವ. ಅಂದರೆ ಹದಿನೈದು ನಿಮಿಷದಲ್ಲಿ ಸುಮಾರು 1,200 ಪದಗಳನ್ನು ಹೇಳಬಹುದು. 5,000 ಪದಗಳ ಪ್ರಬಂಧವನ್ನು ಕೈಯಲ್ಲಿ ಹಿಡಿದು ವೇದಿಕೆ ಹತ್ತಿದವರು ನಾಲ್ಕರಲ್ಲಿ ಮೂರು ಪಾಲು ಬಿಡಲೇಬೇಕು. ಏನನ್ನು ಬಿಡಬೇಕೆಂಬುದನ್ನು ಮನೆಯಲ್ಲಿ ಕುಳಿತು ಸಾವಧಾನವಾಗಿ ನಿರ್ಧರಿಸುವುದು ಒಳ್ಳೆಯದು, ಸಮಯ ಮುಗಿಯಿತೆಂಬ ಅಧ್ಯಕ್ಷರ ಚೀಟಿ ಬಂದ ಮೇಲೆ ಪುಟಗಳನ್ನು ಮಗುಚುತ್ತ ನಿರ್ಧರಿಸುವುದಲ್ಲ.

ಬಿಡುವುದನ್ನು ನಿರ್ಧರಿಸಬೇಕಾದರೆ ಉಳಿಯಬೇಕಾದ್ದು ಯಾವುದೆಂದು ಮೊದಲು ಗೊತ್ತಿರಬೇಕು. ಸಭೆಯಿಂದ ಮನೆಗೆ ಹೋದವರನ್ನು ಮನೆಯವರು ‘ಇವತ್ತು ಏನು ಕೇಳಿ ಬಂದಿರಿ?’ ಎಂದು ವಿಚಾರಿಸಿದರೆ ಅವರು ಯಾವ ಒಂದು ಮಾತನ್ನು ಹೇಳಬೇಕೆಂದು ನಾವು ಬಯಸುತ್ತೇವೋ ಅದನ್ನು ಒಂದೇ ವಾಕ್ಯದಲ್ಲಿ ಬರೆದುಕೊಳ್ಳಬೇಕು. ಈ ಒಂದು ವಾಕ್ಯವನ್ನು ಬರೆಯುವುದಕ್ಕೆ ಕೆಲವೊಮ್ಮೆ ಇಡೀ ಮಂಡನೆಯನ್ನು ಬರೆಯುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ, ಹಿಡಿಯಲಿ.

ನನಗೆ ಪರಿಚಯದ ಸಂಶೋಧಕಿಯೊಬ್ಬರು ಮುಂಬಯಿಯ ಕನ್ನಡ ರಾತ್ರಿಶಾಲೆಗಳ ಬಗ್ಗೆ ಪ್ರಬಂಧ ಸಿದ್ಧಪಡಿಸಿದ್ದರು. ಕರಾವಳಿಯಿಂದ ಬಂದು ಹೋಟೆಲು, ಕ್ಯಾಂಟೀನುಗಳಲ್ಲಿ ಹಗಲು ದುಡಿಯುತ್ತಿದ್ದ ಹುಡುಗರು ಫೋರ್ಟ್ ಪರಿಸರದ ಶಾಲೆಗಳಲ್ಲಿ ರಾತ್ರಿ ಕಲಿತ ಕಥೆ ಈ ನಗರದ ಕನ್ನಡ ಚರಿತ್ರೆಯ ಒಂದು ಮುಖ್ಯ ಅಧ್ಯಾಯ. ಅವರ ಬರಹದಲ್ಲಿ ಶಾಲೆಗಳ ಸ್ಥಾಪನೆ, ಆಡಳಿತ ಮಂಡಳಿಗಳು, ಪಠ್ಯಕ್ರಮ, ಅನುದಾನ, ಶಿಕ್ಷಕರು, ವಾರ್ಷಿಕೋತ್ಸವದ ನಾಟಕಗಳು ಎಲ್ಲವೂ ಕ್ರಮವಾಗಿ ಬಂದಿದ್ದವು. ಮಂಡನೆಯ ಹಿಂದಿನ ವಾರ ನಮ್ಮ ಮನೆಯಲ್ಲಿ ಒಮ್ಮೆ ಓದಿ ತೋರಿಸುತ್ತೇನೆಂದು ಬಂದರು. ನಮ್ಮ ಕಟ್ಟಡದಲ್ಲೇ ಇರುವ, ಎಳೆಯ ವಯಸ್ಸಿನಲ್ಲಿ ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಕಲಿತ ಹಿರಿಯರೊಬ್ಬರನ್ನೂ ಕರೆದಿದ್ದೆ. ಅವರು ಪೂರ್ತಿ ಕೇಳಿ, ಕನ್ನಡಕ ತೆಗೆದು ಒರೆಸುತ್ತ ಹೇಳಿದರು:

“ಮಗಾ, ನೀನು ಓದಿದ್ದೆಲ್ಲ ಸರಿಯೇ ಉಂಟು. ಆದರೆ ನಮಗೆ ನಿದ್ದೆ ಬರುತ್ತಿದ್ದದ್ದು ಅದರಲ್ಲಿ ಎಲ್ಲಿ ಉಂಟು? ಬೆಳಿಗ್ಗೆ ನಾಲ್ಕಕ್ಕೆ ಎದ್ದು ಒಲೆ ಹೊತ್ತಿಸಿದವ ರಾತ್ರಿ ಬೆಂಚಿನಲ್ಲಿ ಕೂತರೆ ಮಾಸ್ಟ್ರು ಬೋರ್ಡಿನಲ್ಲಿ ಬರೆದದ್ದು ಎರಡೆರಡಾಗಿ ಕಾಣುವುದು. ಆದರೂ ನಾವು ಯಾಕೆ ಹೋಗುತ್ತಿದ್ದೆವು? ಅದನ್ನು ಹೇಳು ಮೊದಲು.”

“ಯಾಕೆ ಹೋಗುತ್ತಿದ್ದಿರಿ ಅಂಕಲ್?”

“ಮೆಟ್ರಿಕ್ ಆದರೆ ಬ್ಯಾಂಕಿನಲ್ಲೋ ಆಫೀಸಿನಲ್ಲೋ ಕೆಲಸ ಸಿಗುತ್ತದೆ ಅಂತ. ಗಲ್ಲಾಪೆಟ್ಟಿಗೆಯ ಮುಂದೆ ಕೂತ ಧಣಿಗಳೇ ಹೊತ್ತಾಯಿತು, ಹೋಗು ಅಂತ ಕಳಿಸುತ್ತಿದ್ದರು.”

ಆ ದಿನ ಸಂಜೆಯೊಳಗೆ ಪ್ರಬಂಧಕ್ಕೆ ಬೇಕಾಗಿದ್ದ ಒಂದು ವಾಕ್ಯ ಸಿದ್ಧವಾಯಿತು: ರಾತ್ರಿಶಾಲೆಗಳು ಹೋಟೆಲಿನ ಹುಡುಗರನ್ನು ಕಚೇರಿಯ ಉದ್ಯೋಗಕ್ಕೆ ದಾಟಿಸಿದವು, ಹಾಗೆ ದಾಟಿದವರೇ ಮುಂದೆ ಇಲ್ಲಿನ ಕನ್ನಡ ಸಂಘಗಳನ್ನು ನಡೆಸುವ ಓದುಬರಹ ಬಲ್ಲ ಕಾರ್ಯಕರ್ತರಾದರು. ಇದಕ್ಕೆ ನೇರವಾಗಿ ಸಂಬಂಧಪಟ್ಟದ್ದಷ್ಟೇ ಹದಿನೈದು ನಿಮಿಷದಲ್ಲಿ ಉಳಿಯಿತು. ಅನುದಾನದ ವಿವರ, ಆಡಳಿತ ಮಂಡಳಿಗಳ ಪಟ್ಟಿ ಎಲ್ಲ ಅಚ್ಚಾಗುವ ಪ್ರಬಂಧದಲ್ಲಿ ಉಳಿದವು; ಅವುಗಳಿಗೆ ಅದೇ ತಕ್ಕ ಜಾಗ. ಮಂಡನೆಯ ಆರಂಭಕ್ಕೆ ಬೆಳಿಗ್ಗೆ ನಾಲ್ಕು ಗಂಟೆಗೆ ಎದ್ದ ಒಬ್ಬ ಹುಡುಗನ ದಿನಚರಿ ಬಂತು. ಕೇಳುವವರಿಗೆ ಮೊದಲ ಒಂದೆರಡು ನಿಮಿಷದಲ್ಲೇ ಒಬ್ಬ ಮನುಷ್ಯ ಕಣ್ಣ ಮುಂದೆ ನಿಂತರೆ, ಆಮೇಲೆ ಬರುವ ಇಸವಿಗಳಿಗೂ ಸಂಖ್ಯೆಗಳಿಗೂ ಒಂದು ಆಧಾರ ಸಿಗುತ್ತದೆ.

ಬೇರೆಯವರ ಮುಂದೆ ಗಟ್ಟಿಯಾಗಿ ಓದಿ ನೋಡುವುದು ಎಷ್ಟು ಅಗತ್ಯವೆಂಬುದಕ್ಕೆ ನಾನು ಇದನ್ನು ಇಷ್ಟು ವಿವರವಾಗಿ ಹೇಳಿದೆ. ಮನಸ್ಸಿನಲ್ಲೇ ಓದಿಕೊಂಡರೆ ಅಭ್ಯಾಸವಾಗುವುದಿಲ್ಲ. ಮನಸ್ಸು ಯಾವಾಗಲೂ ನಾಲಗೆಗಿಂತ ವೇಗವಾಗಿ ಓಡುತ್ತದೆ, ಗಡಿಯಾರದ ಲೆಕ್ಕ ತಪ್ಪುತ್ತದೆ. ಎದ್ದು ನಿಂತು, ಸಭೆಯಲ್ಲಿ ಆಡುವಷ್ಟೇ ದನಿಯಲ್ಲಿ, ಸಮಯ ನೋಡಿಕೊಂಡು ಹೇಳಬೇಕು. ವಿಷಯ ಬಲ್ಲವರೊಬ್ಬರು, ವಿಷಯದ ಗಂಧವೇ ಇಲ್ಲದವರೊಬ್ಬರು ಕೇಳುಗರಾಗಿ ಸಿಕ್ಕರೆ ಇನ್ನೂ ಒಳ್ಳೆಯದು. ಇಡೀ ಮಾತನ್ನು ಬಾಯಿಪಾಠ ಮಾಡುವುದು ಬೇಡ, ಅದು ಎಲ್ಲೋ ಒಂದು ಪದ ಮರೆತೊಡನೆ ಕೈಕೊಡುತ್ತದೆ. ಆದರೆ ಮೊದಲ ಎರಡು ವಾಕ್ಯಗಳೂ ಕೊನೆಯ ಎರಡು ವಾಕ್ಯಗಳೂ ಕಾಗದ ನೋಡದೆ ಬರುವಂತಿರಬೇಕು. ಎದೆ ಹೆಚ್ಚು ಬಡಿದುಕೊಳ್ಳುವುದು ಮೊದಲ ನಿಮಿಷದಲ್ಲೇ. ಆ ನಿಮಿಷವನ್ನು ದಾಟಿಸುವುದಕ್ಕೆ ಆ ಎರಡು ವಾಕ್ಯಗಳು ಸಾಕು.

ಈ ವಿಷಯದಲ್ಲಿ ನಾನು ಮತ್ತೆ ಮತ್ತೆ ನೆನೆಯುವವರು ಇಂಗ್ಲೆಂಡಿನ ವಿಜ್ಞಾನಿ ಮೈಕೆಲ್ ಫ್ಯಾರಡೆ. ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸ ಕಲಿಯುತ್ತಿದ್ದ ಬಡ ಹುಡುಗ ಲಂಡನ್ನಿನ ವಿಜ್ಞಾನ ಸಂಸ್ಥೆಯಾದ ರಾಯಲ್ ಇನ್‌ಸ್ಟಿಟ್ಯೂಷನ್ ಸೇರಿದ್ದು 1813ರಲ್ಲಿ. ಅದೇ ವರ್ಷ, ಇನ್ನೂ ತಾನೇ ಉಪನ್ಯಾಸ ಕೊಡಲು ತೊಡಗುವ ಬಹಳ ಮೊದಲೇ, ಗೆಳೆಯ ಬೆಂಜಮಿನ್ ಅಬಟ್‌ಗೆ ಬರೆದ ಪತ್ರಗಳಲ್ಲಿ ಉಪನ್ಯಾಸದ ಕೊಠಡಿ ಹೇಗಿರಬೇಕು, ಗಾಳಿ ಬೆಳಕು ಹೇಗಿರಬೇಕು, ಉಪನ್ಯಾಸಕನ ನಿಲುವು ಹೇಗಿರಬೇಕು ಎಂದು ವಿವರವಾಗಿ ಚರ್ಚಿಸಿದ್ದಾರೆ. ಯಾರಿಗೇ ಆದರೂ ಒಂದು ಗಂಟೆಯ ಮಾತು ಸಾಕು ಎಂಬ ಅಭಿಪ್ರಾಯವೂ ಅಲ್ಲಿದೆ. ಮುಂದೆ ಅವರು ಮಾತಿನ ಕಲೆಯನ್ನು ಕಲಿಸುವವರಲ್ಲಿ ಪಾಠ ಹೇಳಿಸಿಕೊಂಡರು. ತಾನು ವೇಗವಾಗಿ ಮಾತನಾಡತೊಡಗಿದರೆ ತಿಳಿಯಲೆಂದು ‘ನಿಧಾನ’ ಎಂದು ದೊಡ್ಡದಾಗಿ ಬರೆದ ಕಾರ್ಡನ್ನು ಉಪನ್ಯಾಸದ ವೇಳೆ ಕಣ್ಣೆದುರು ಇಡಿಸಿಕೊಳ್ಳುತ್ತಿದ್ದರು, ವೇಳೆ ಮುಗಿಯುತ್ತ ಬಂದಾಗ ಸಹಾಯಕನು ‘ಸಮಯ’ ಎಂಬ ಕಾರ್ಡನ್ನು ಇಡುತ್ತಿದ್ದನು. ವಿದ್ಯುತ್ಕಾಂತೀಯ ಪ್ರೇರಣೆಯನ್ನು ಕಂಡುಹಿಡಿದ ಮಹಾನುಭಾವರೇ ಇಷ್ಟು ವಿನಯದಿಂದ ಸಿದ್ಧವಾಗುತ್ತಿದ್ದರೆಂದ ಮೇಲೆ, ‘ವಿಷಯ ಗೊತ್ತಿದೆ, ನಿಂತಾಗ ಮಾತು ಬರುತ್ತದೆ’ ಎಂದು ಯಾರಾದರೂ ಹೇಳಿದರೆ ನನಗೆ ಒಪ್ಪಿಕೊಳ್ಳಲಾಗುವುದಿಲ್ಲ.

ಸಮಯದ ವಿಷಯದಲ್ಲಿ ನಮ್ಮ ಸಭೆಗಳಿಗೇ ವಿಶಿಷ್ಟವಾದ ಒಂದು ಪರಿಸ್ಥಿತಿಯಿದೆ. ಪ್ರಾರ್ಥನೆ, ದೀಪ ಬೆಳಗಿಸುವುದು, ಸ್ವಾಗತ, ಪ್ರಸ್ತಾವನೆ, ಶಾಲು ಹೊದಿಸಿ ಸನ್ಮಾನ, ಉದ್ಘಾಟನಾ ಭಾಷಣ ಇಷ್ಟೂ ಮುಗಿಯುವ ಹೊತ್ತಿಗೆ ಬೆಳಗಿನ ಗೋಷ್ಠಿ ಮಧ್ಯಾಹ್ನಕ್ಕೆ ಸರಿದಿರುತ್ತದೆ. ಆಹ್ವಾನ ಪತ್ರಿಕೆಯಲ್ಲಿ ಇಪ್ಪತ್ತು ನಿಮಿಷವೆಂದಿದ್ದವರಿಗೆ ಕೊನೆಗೆ ‘ದಯವಿಟ್ಟು ಎಂಟು ನಿಮಿಷದಲ್ಲಿ ಮುಗಿಸಿ’ ಎಂಬ ವಿನಂತಿ ಬರುತ್ತದೆ. ಸಂಘಟಕರು ಬೇಕೆಂದು ಮಾಡುವುದಲ್ಲ. ಸಭಾಗೃಹ ಇಂತಿಷ್ಟು ಗಂಟೆಗೆ ಬಿಡಬೇಕು, ದೂರದವರಿಗೆ ಗಾಡಿ ಹಿಡಿಯಬೇಕು. ಆದ್ದರಿಂದ ಪ್ರತಿ ಮಂಡನೆಗೂ ಎರಡು ಅಳತೆಗಳನ್ನು ಸಿದ್ಧವಾಗಿಟ್ಟುಕೊಳ್ಳಬೇಕೆಂದು ಕಿರಿಯರಿಗೆ ನಾನು ಒತ್ತಾಯಿಸುತ್ತೇನೆ: ಪೂರ್ತಿಯದೊಂದು, ಅದರ ಅರ್ಧದ್ದೊಂದು. ಅರ್ಧದ್ದು ಎಂದರೆ ಪೂರ್ತಿಯದನ್ನು ವೇಗವಾಗಿ ಹೇಳುವುದಲ್ಲ, ಒಂದು ಉದಾಹರಣೆಯನ್ನು ಉಳಿಸಿಕೊಂಡು ಉಳಿದವನ್ನು ಕೈಬಿಡುವುದು. ಹಾಗೆಯೇ ವೇದಿಕೆಯಲ್ಲಿರುವ ಒಬ್ಬೊಬ್ಬರ ಹೆಸರು, ಹುದ್ದೆ ಹೇಳಿ ವಂದಿಸುತ್ತ ಎರಡು ಮೂರು ನಿಮಿಷ ಕಳೆಯುವ ಬದಲು, ಅಧ್ಯಕ್ಷರಿಗೂ ಸಭೆಗೂ ಒಂದೇ ವಾಕ್ಯದಲ್ಲಿ ನಮಸ್ಕರಿಸಿ ವಿಷಯಕ್ಕೆ ಬರುವುದರಲ್ಲಿ ಅಗೌರವವೇನೂ ಇಲ್ಲ. ನಮ್ಮ ನಂತರ ಇನ್ನಿಬ್ಬರು ಪ್ರಬಂಧಕಾರರು ಕಾಯುತ್ತಿದ್ದಾರೆ. ನಾವು ಹೆಚ್ಚಾಗಿ ಬಳಸುವ ಒಂದೊಂದು ನಿಮಿಷವೂ ಅವರ ಪಾಲಿನದು.

ಪರದೆಯ ಮೇಲೆ ತೋರಿಸುವ ಸ್ಲೈಡುಗಳು ಈಗ ಸಾಹಿತ್ಯ ಗೋಷ್ಠಿಗಳಿಗೂ ಬಂದಿವೆ. 1987ರಲ್ಲಿ ಮ್ಯಾಕಿಂಟೋಷ್ ಗಣಕಕ್ಕಾಗಿ ಹೊರಬಂದ ಪವರ್‌ಪಾಯಿಂಟ್ ಇಂದು ಶಾಲೆಯ ಮಕ್ಕಳ ಕೈಯಲ್ಲೂ ಇದೆ. ಅದರ ಸರಿಯಾದ ಬಳಕೆಯ ಬಗ್ಗೆ ಮಾತು ಬಂದಾಗ ನಾನು ಅಮೆರಿಕದ ಕೊಲಂಬಿಯಾ ಬಾಹ್ಯಾಕಾಶ ನೌಕೆಯ ಪ್ರಕರಣವನ್ನು ಹೇಳದೆ ಇರಲಾರೆ. ನಮ್ಮ ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ ಗಗನಯಾತ್ರಿಗಳು 2003ರ ಫೆಬ್ರವರಿ 1ರಂದು ಭೂಮಿಗೆ ಮರಳುವಾಗ ತೀರಿಕೊಂಡರು. ಜನವರಿ 16ರಂದು ಉಡಾವಣೆಯ ವೇಳೆ ಇಂಧನ ತೊಟ್ಟಿಯ ಹೊದಿಕೆಯಿಂದ ಕಳಚಿದ ಗಟ್ಟಿ ನೊರೆಯ (ಫೋಮ್) ತುಂಡೊಂದು ನೌಕೆಯ ಎಡರೆಕ್ಕೆಗೆ ಬಡಿದಿತ್ತು. ನೌಕೆ ಇನ್ನೂ ಕಕ್ಷೆಯಲ್ಲಿರುವಾಗಲೇ, ಈ ಪೆಟ್ಟು ಎಷ್ಟು ಅಪಾಯಕಾರಿ ಎಂಬುದರ ಬಗ್ಗೆ ಇಂಜಿನಿಯರುಗಳು ನಾಸಾದ ಅಧಿಕಾರಿಗಳಿಗೆ ಸ್ಲೈಡುಗಳ ಮೂಲಕ ವಿವರಿಸಿದ್ದರು. ಅವುಗಳಲ್ಲಿ ಒಂದರ ತಲೆಬರಹ ಧೈರ್ಯ ಕೊಡುವಂತಿತ್ತು. ಅದರ ಕೆಳಗೆ ಚುಕ್ಕೆ ಗುರುತಿನ ಸಾಲುಗಳು (ಬುಲೆಟ್) ಒಂದರೊಳಗೊಂದು ಇಳಿಯುತ್ತ ಹೋಗಿ, ತೀರ ಕೆಳಗಿನ ಸಾಲಿನಲ್ಲಿ ಸಣ್ಣದಾಗಿ ಇದ್ದ ಮಾತು ಇದು: ಹಿಂದೆ ಪರೀಕ್ಷೆಗೆ ಬಳಸಿದ ತುಂಡಿನ ಗಾತ್ರ 3 ಘನ ಅಂಗುಲ, ಈಗ ಬಡಿದಿರುವುದರ ಗಾತ್ರ ಅಂದಾಜು 1,920 ಘನ ಅಂಗುಲ. ಅಂದರೆ 640 ಪಟ್ಟು ದೊಡ್ಡದು. ಹಳೆಯ ಪರೀಕ್ಷೆಗಳಿಂದ ಇದರ ಬಗ್ಗೆ ಏನನ್ನೂ ಖಚಿತವಾಗಿ ಹೇಳುವಂತಿರಲಿಲ್ಲ. ಮಾಹಿತಿಯನ್ನು ಕಣ್ಣಿಗೆ ಕಾಣಿಸುವ ಬಗೆಯನ್ನು ಅಧ್ಯಯನ ಮಾಡಿದ ಅಮೆರಿಕದ ವಿದ್ವಾಂಸ ಎಡ್ವರ್ಡ್ ಟಫ್ಟಿ ಈ ಸ್ಲೈಡನ್ನು ಸಾಲುಸಾಲಾಗಿ ವಿಶ್ಲೇಷಿಸಿದರು, ಅಪಘಾತದ ತನಿಖಾ ಮಂಡಳಿಯ ವರದಿಯೂ ಅದನ್ನು ಎತ್ತಿಕೊಂಡು, ತಾಂತ್ರಿಕ ವರದಿಗಳ ಬದಲಿಗೆ ಸ್ಲೈಡುಗಳನ್ನು ನೆಚ್ಚಿಕೊಳ್ಳುವ ಅಭ್ಯಾಸವನ್ನು ಟೀಕಿಸಿತು. ದುರಂತಕ್ಕೆ ಒಂದು ಸ್ಲೈಡೇ ಕಾರಣವೆನ್ನುವುದು ಅತಿಯಾದೀತು. ಆದರೆ ಎಲ್ಲಕ್ಕಿಂತ ಮುಖ್ಯವಾದ ಮಾತು ತಲೆಬರಹದಲ್ಲಿರದೆ ತಳದಲ್ಲಿ ಅಡಗಿದ್ದರೆ ನೋಡುವವರು ಅದನ್ನು ಕಾಣದೆ ಹೋಗಬಹುದು ಎಂಬುದಕ್ಕೆ ಇದಕ್ಕಿಂತ ನೋವಿನ ಸಾಕ್ಷ್ಯ ನನಗೆ ಗೊತ್ತಿಲ್ಲ. ‘ರಾತ್ರಿಶಾಲೆಗಳು: ಒಂದು ಅವಲೋಕನ’ ಎಂಬ ತಲೆಬರಹ ಏನನ್ನೂ ಹೇಳುವುದಿಲ್ಲ, ‘ರಾತ್ರಿಶಾಲೆಯಲ್ಲಿ ಕಲಿತವರೇ ಸಂಘ ಕಟ್ಟಿದರು’ ಎಂಬುದು ಹೇಳುತ್ತದೆ.

ಕನ್ನಡದ ಸ್ಲೈಡುಗಳಿಗೆ ಅವುಗಳದೇ ತೊಡಕುಗಳಿವೆ. ನಮ್ಮ ಅಕ್ಷರಗಳಿಗೆ ಕೆಳಗೆ ಒತ್ತಕ್ಷರ, ಮೇಲೆ ಗುಣಿತದ ಚಿಹ್ನೆ ಇರುವುದರಿಂದ ಇಂಗ್ಲಿಷಿಗೆ ಸಾಕಾಗುವ ಸಾಲಿನ ಅಂತರ ಕನ್ನಡಕ್ಕೆ ಸಾಲದು. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗಿ ಹಿಂದಿನ ಸಾಲಿನವರಿಗೆ ಎಲ್ಲವೂ ಕಲಸಿಹೋಗಿ ಕಾಣುತ್ತದೆ. ಒಂದು ಸ್ಲೈಡಿನಲ್ಲಿ ಐದಾರು ಸಾಲಿಗಿಂತ ಹೆಚ್ಚು ಬೇಡ. ಇದಕ್ಕಿಂತ ದೊಡ್ಡ ತೊಡಕು ಫಾಂಟಿನದು. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬೆರಳಚ್ಚಾದ ಪಠ್ಯವನ್ನು ಆ ಫಾಂಟಿಲ್ಲದ ಗಣಕದಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಕಾಣಿಸುತ್ತದೆ. ಮುಂಬಯಿ, ಪುಣೆ, ಪಣಜಿಯ ಸಭಾಗೃಹಗಳ ಗಣಕಗಳಲ್ಲಿ ಆ ಫಾಂಟುಗಳು ಇರುತ್ತವೆಂದು ನಂಬುವುದಕ್ಕೆ ಆಧಾರವಿಲ್ಲ. ಎಲ್ಲ ಗಣಕಗಳೂ ಗುರುತಿಸುವ ಯೂನಿಕೋಡಿನಲ್ಲೇ ಬೆರಳಚ್ಚು ಮಾಡಿ, ಅದನ್ನು ಪಿಡಿಎಫ್ ಆಗಿಯೂ ಉಳಿಸಿ, ಒಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲಿ, ಇನ್ನೊಂದನ್ನು ಮಿಂಚಂಚೆಯಲ್ಲಿ ಇಟ್ಟುಕೊಂಡರೆ ನಿಶ್ಚಿಂತೆ. ವಿದ್ಯುತ್ತೇ ಹೋದರೂ ಮಾತು ನಿಲ್ಲದಂತೆ, ಸ್ಲೈಡಿಲ್ಲದೆಯೂ ಹೇಳಬಲ್ಲಷ್ಟು ಅಭ್ಯಾಸವಿರಬೇಕು.

ಪುಣೆಯಂಥ ಕಡೆಯ ಕೆಲವು ಸಂಕಿರಣಗಳಲ್ಲಿ ಕೇಳುವವರು ಹೆಚ್ಚಾಗಿ ಮರಾಠಿಗರೇ ಆಗಿರುತ್ತಾರೆ, ಮಾತು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಮರಾಠಿಯಲ್ಲೋ ನಡೆಯುತ್ತದೆ. ಕೊಲ್ಹಾಪುರದ ಶಿಲಾಹಾರ ಅರಸರ ಕನ್ನಡ ಶಾಸನಗಳ ಬಗ್ಗೆಯೋ, ಸೊನ್ನಲಿಗೆಯ (ಇಂದಿನ ಸೊಲ್ಲಾಪುರದ) ಸಿದ್ಧರಾಮನ ವಚನಗಳ ಬಗ್ಗೆಯೋ ಅಲ್ಲಿ ಮಾತನಾಡುವ ಕನ್ನಡಿಗನಿಗೆ ಒಂದು ಅಪೂರ್ವ ಅವಕಾಶವಿದೆ, ಏಕೆಂದರೆ ಆ ಊರುಗಳು ಅವರವೂ ಹೌದು. ವಚನವನ್ನು ಮೊದಲು ಕನ್ನಡದಲ್ಲೇ ನಿಧಾನವಾಗಿ ಹೇಳಬೇಕು, ಅದರ ನಾದ ಅವರಿಗೆ ತಲುಪಲಿ. ಪರದೆಯ ಮೇಲೆ ಕನ್ನಡ ಲಿಪಿಯ ಕೆಳಗೆ ದೇವನಾಗರಿಯಲ್ಲೂ ಅದೇ ಸಾಲು ಇದ್ದರೆ ಅವರು ಜೊತೆಜೊತೆಗೆ ಓದಿಕೊಳ್ಳುತ್ತಾರೆ. ಅರ್ಥವನ್ನು ಆಮೇಲೆ ಹೇಳಿದರಾಯಿತು. ಶಾಸನದ ಚಿತ್ರ ತೋರಿಸುವಾಗ ಇಡೀ ಕಲ್ಲನ್ನು ಒಮ್ಮೆ ತೋರಿಸಿ, ನಮ್ಮ ವಾದಕ್ಕೆ ಬೇಕಾದ ಒಂದೇ ಸಾಲನ್ನು ಮುಂದಿನ ಸ್ಲೈಡಿನಲ್ಲಿ ದೊಡ್ಡದು ಮಾಡಿ, ನೋಡಬೇಕಾದ ಅಕ್ಷರಕ್ಕೆ ಮೊದಲೇ ಬಾಣದ ಗುರುತು ಹಾಕಿಟ್ಟಿರಬೇಕು. ಕೈಯಲ್ಲಿ ಹಿಡಿದ ಲೇಸರ್ ಚುಕ್ಕೆ ನಡುಗುತ್ತದೆ, ನೋಡುವವರ ಕಣ್ಣು ಅದರ ಹಿಂದೆ ಅಲೆಯುತ್ತದೆ. ಚಿತ್ರ ಬಂದೊಡನೆ ಸ್ವಲ್ಪ ಹೊತ್ತು ಸುಮ್ಮನಿರುವುದೂ ಒಳ್ಳೆಯದು, ನೋಡುವುದನ್ನೂ ಕೇಳುವುದನ್ನೂ ಏಕಕಾಲಕ್ಕೆ ಮಾಡಲು ಯಾರಿಗೂ ಸುಲಭವಲ್ಲ.

ಸಭಾಗೃಹಕ್ಕೆ ಅರ್ಧ ಗಂಟೆ ಮೊದಲು ಹೋಗಿ, ಕೊನೆಯ ಸಾಲಿನಲ್ಲಿ ಕುಳಿತು ಪರದೆಯನ್ನು ನೋಡಿಬಿಡಬೇಕು. ಮೈಕಿನ ಎತ್ತರವನ್ನು ಮಾತು ಆರಂಭಿಸುವ ಮೊದಲೇ ಸರಿಪಡಿಸಿಕೊಳ್ಳಬೇಕು. ಪರದೆಯತ್ತ ತಿರುಗಿ ಮಾತನಾಡಿದರೆ ದನಿ ಮೈಕಿನಿಂದ ತಪ್ಪಿ ಗೋಡೆಗೆ ಹೋಗುತ್ತದೆ, ಆದ್ದರಿಂದ ಮುಖ ಸದಾ ಜನರ ಕಡೆಗಿರಲಿ.

ಪ್ರಶ್ನೋತ್ತರದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಮುಂಬಯಿಯ ಕನ್ನಡ ಸಭೆಗಳಲ್ಲಿ ನಾವು ಯಾರ ಬಗ್ಗೆ ಮಾತನಾಡುತ್ತೇವೋ ಅವರೇ, ಇಲ್ಲವೇ ಅವರ ಮಕ್ಕಳು, ಎದುರಿಗೆ ಕುಳಿತಿರುತ್ತಾರೆ. ಹೋಟೆಲಿನ ಬಗ್ಗೆ ಮಾತನಾಡಿದರೆ ಹೋಟೆಲಿನವರು, ಗಿರಣಿಯ ಬಗ್ಗೆ ಮಾತನಾಡಿದರೆ ಗಿರಣಿಯಲ್ಲಿ ದುಡಿದವರು, ಯಕ್ಷಗಾನದ ಬಗ್ಗೆ ಮಾತನಾಡಿದರೆ ಗೆಜ್ಜೆ ಕಟ್ಟಿದವರು ಎದ್ದು ನಿಲ್ಲುತ್ತಾರೆ. ಅವರು ಕೇಳುವುದು ಎಷ್ಟೋ ಸಲ ಪ್ರಶ್ನೆಯಾಗಿರುವುದಿಲ್ಲ, ತಮ್ಮ ನೆನಪಾಗಿರುತ್ತದೆ, ಕೆಲವೊಮ್ಮೆ ತಿದ್ದುಪಡಿಯೂ ಆಗಿರುತ್ತದೆ. ಅದನ್ನು ನಡುವೆ ತಡೆಯದೆ ಕೇಳಬೇಕು. ತುಂಬ ದೀರ್ಘವಾದರೆ ಮಿತಿ ಹಾಕುವುದು ಅಧ್ಯಕ್ಷರ ಕೆಲಸ. ಹಿಂದಿನ ಸಾಲಿನವರಿಗೆ ಪ್ರಶ್ನೆ ಕೇಳಿಸಿರುವುದಿಲ್ಲವಾದ್ದರಿಂದ ಅದನ್ನು ಮೈಕಿನಲ್ಲಿ ಒಂದು ವಾಕ್ಯದಲ್ಲಿ ಮತ್ತೆ ಹೇಳಿ, ಆಮೇಲೆ ಉತ್ತರಿಸಬೇಕು. ಹೀಗೆ ಮಾಡಿದರೆ ಯೋಚಿಸುವುದಕ್ಕೂ ಒಂದು ಕ್ಷಣ ಸಿಗುತ್ತದೆ. ಉತ್ತರ ತಿಳಿಯದಿದ್ದರೆ ‘ಇದನ್ನು ನಾನು ನೋಡಿಲ್ಲ, ನೋಡುತ್ತೇನೆ’ ಎಂದು ಹೇಳುವವರ ಮೇಲೆ ಸಭೆಗೆ ಗೌರವ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದನ್ನು ನಾನು ಕಂಡಿಲ್ಲ.

ಮಾತು ಮುಗಿದ ಮೇಲೆ ಚಹಾದ ಬಿಡುವಿನಲ್ಲಿ ಕೆಲವರು ಹತ್ತಿರ ಬಂದು, ಸಭೆಯಲ್ಲಿ ಹೇಳಲು ಸಂಕೋಚಪಟ್ಟದ್ದನ್ನು ಹೇಳುತ್ತಾರೆ: ತಂದೆಯವರ ಹಳೆಯ ಪ್ರಮಾಣಪತ್ರ ಮನೆಯಲ್ಲಿದೆ, ಶಾಲೆಯ ವಾರ್ಷಿಕೋತ್ಸವದ ಫೋಟೋ ಇದೆ, ಬೇಕಾದರೆ ಬಂದು ನೋಡಿ ಎಂದು. ಆ ಹೊತ್ತಿಗೆ ಒಂದು ಟಿಪ್ಪಣಿ ಪುಸ್ತಕವೂ, ಪೂರ್ಣ ಪ್ರಬಂಧದ ಕೆಲವು ಪ್ರತಿಗಳೂ ಚೀಲದಲ್ಲಿರಬೇಕು. ಪ್ರತಿಯನ್ನು ಕೊಟ್ಟು, ಅವರ ಹೆಸರನ್ನೂ ಫೋನ್ ನಂಬರನ್ನೂ ಬರೆದುಕೊಂಡು, ಅದೇ ವಾರ ಫೋನ್ ಮಾಡಿ ಹೋಗಿಬರಬೇಕು. ತಡಮಾಡಿದರೆ ಅಂಥ ಕಾಗದಗಳು ಮನೆ ಬದಲಾಯಿಸುವಾಗಲೋ ಕಟ್ಟಡ ಕೆಡವುವಾಗಲೋ ರದ್ದಿಗೆ ಹೋಗುವುದು ಈ ನಗರದಲ್ಲಿ ದಿನನಿತ್ಯ ನಡೆಯುತ್ತಿದೆ.